ಡಿಎನ್‌ಎ ಹೇಳಿತ್ತು, ಕೇಳುವವರಿರಲಿಲ್ಲ



2025ರ ಏಪ್ರಿಲ್ ತಿಂಗಳ ಮೊದಲ ವಾರ ಮೈಸೂರಿನ ನ್ಯಾಯಾಲಯಕ್ಕೆ ಒಬ್ಬ ಹೆಣ್ಣುಮಗಳನ್ನು ಕರೆತಂದರು. ಪೊಲೀಸರ ಆರೋಪಪಟ್ಟಿಯ ಪ್ರಕಾರ ಆಕೆ ಸತ್ತು ನಾಲ್ಕು ವರ್ಷ ದಾಟಿತ್ತು. ಕೊಂದವನು ಆಕೆಯ ಗಂಡ ಎಂದು ಅದೇ ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತಿತ್ತು. "ಸತ್ತವಳು" ತನ್ನ ಕಾಲ ಮೇಲೆ ತಾನೇ ನಡೆದು ಬಂದು ನ್ಯಾಯಾಧೀಶರ ಮುಂದೆ ನಿಂತಳು!

ಸುದ್ದಿ ನೀವೂ ಓದಿರುತ್ತೀರಿ. ಓದದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಕೊಡಗಿನ ಕುಶಾಲನಗರದ ಹತ್ತಿರದ ಹಾಡಿಯ ಒಬ್ಬ ಬಡ ಆದಿವಾಸಿ. 2020ರ ಕೊನೆಯಲ್ಲಿ ಅವನ ಹೆಂಡತಿ ಕಾಣೆಯಾದಳು. ಅವನೇ ಹೋಗಿ ದೂರು ಕೊಟ್ಟ. ಅದೇ ಸುಮಾರಿಗೆ ಪಕ್ಕದ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಪೊಲೀಸರಿಗೆ ಒಂದು ಹೆಣ್ಣಿನ ಅಸ್ಥಿಪಂಜರ ಸಿಕ್ಕಿತ್ತು. ಒಂದು ಕಡೆ ಕಾಣೆಯಾದ ಹೆಂಗಸು, ಇನ್ನೊಂದು ಕಡೆ ಹೆಸರಿಲ್ಲದ ಮೂಳೆ. ಎರಡನ್ನೂ ಸೇರಿಸಿ ಕೊಲೆ ಕೇಸು ಆಯಿತು, ಗಂಡ ಜೈಲು ಸೇರಿದ. ಒಂದೂವರೆ ವರ್ಷದಷ್ಟು ಕಾಲ ಒಳಗಿದ್ದ. ಕೊನೆಗೆ ಅವನ ಸ್ನೇಹಿತರೇ 2025ರ ಏಪ್ರಿಲ್ 1ರಂದು ಮಡಿಕೇರಿಯ ಒಂದು ಹೋಟೆಲಿನಲ್ಲಿ ಆಕೆಯನ್ನು ಕಂಡರು. ಆಕೆ ಬೇರೆಯವನೊಂದಿಗೆ ಸಂಸಾರ ಹೂಡಿ ಅದೇ ಜಿಲ್ಲೆಯಲ್ಲಿ ಇದ್ದಳು.

ಈ ಸುದ್ದಿಯ ಬಗ್ಗೆ ಮುಹೈಸ್ನಾದ ನಮ್ಮ ಬಿಲ್ಡಿಂಗಿನಲ್ಲೂ ಚರ್ಚೆಯಾಯಿತು. ಪಕ್ಕದ ಫ್ಲಾಟಿನ ಪುತ್ತೂರಿನ ಅಣ್ಣ ಒಂದು ಪ್ರಶ್ನೆ ಕೇಳಿದರು: "ಅಲ್ಲ ಮಾರಾಯ್ರೇ, ಆ ಮೂಳೆ ಅವಳದ್ದಲ್ಲ ಅಂತ ಡಿಎನ್‌ಎ ರಿಪೋರ್ಟು ಮೊದಲೇ ಬಂದಿತ್ತಂತಲ್ಲ? ಮತ್ತೆ ಅವಳೇ ಎದುರು ಬರುವವರೆಗೆ ಕಾಯುವುದು ಯಾಕೆ?"

ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಅಣ್ಣ ಹೇಳಿದ್ದು ನಿಜ. ಕಾಣೆಯಾದವಳ ತಾಯಿಯ ರಕ್ತವನ್ನೂ ಆ ಮೂಳೆಗಳನ್ನೂ ಪರೀಕ್ಷೆಗೆ ಕಳಿಸಿದ್ದರು. ಆದರೆ ವರದಿ ಬರುವ ಮೊದಲೇ ಆರೋಪಪಟ್ಟಿ ಸಲ್ಲಿಕೆಯಾಗಿತ್ತು. ಆಮೇಲೆ ವರದಿ ಬಂತು. ಹೊಂದಾಣಿಕೆ ಇಲ್ಲ ಎಂದಿತ್ತು. ಅದರ ಆಧಾರದ ಮೇಲೆ ಹೈಕೋರ್ಟಿನಿಂದ ಜಾಮೀನೇನೋ ಸಿಕ್ಕಿತು, ಕೇಸು ಮಾತ್ರ ನಿಲ್ಲಲಿಲ್ಲ. ಆರೋಪದಿಂದ ಬಿಡಿ ಎಂದು ವಕೀಲರು ಹಾಕಿದ ಅರ್ಜಿ ಫಲ ಕೊಡಲಿಲ್ಲ, ಸಾಕ್ಷಿಗಳ ವಿಚಾರಣೆ ಮುಂದುವರಿಯಿತು.

ಹೊಂದಿದರೆ ಅಂದಾಜು, ಹೊಂದದಿದ್ದರೆ ಖಚಿತ

ಮೊದಲು ಈ ಪರೀಕ್ಷೆ ಹೇಗೆ ನಡೆಯುತ್ತದೆ ನೋಡೋಣ. ನಾನು ಜೀವಶಾಸ್ತ್ರ ಓದಿದವನಲ್ಲ, ಸಾಫ್ಟ್‌ವೇರ್ ಬರೆಯುವವನು. ಆದರೆ ಇದರ ಲೆಕ್ಕ ನಮ್ಮಂಥವರಿಗೂ ಸುಲಭವಾಗಿ ಅರ್ಥವಾಗುವಂಥದ್ದು.

ನಮ್ಮ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳ ಒಂದು ಉದ್ದನೆಯ ಫೈಲು ಅಂದುಕೊಳ್ಳಿ. ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ನಿಮ್ಮ ಫೈಲಿಗೂ ನನ್ನ ಫೈಲಿಗೂ ಹೆಚ್ಚುಕಮ್ಮಿ ವ್ಯತ್ಯಾಸವೇ ಇಲ್ಲ, ನೂರಕ್ಕೆ 99ಕ್ಕೂ ಹೆಚ್ಚು ಭಾಗ ಒಂದೇ. ಆದರೆ ಕೆಲವು ಜಾಗಗಳಲ್ಲಿ ಒಂದು ಚಿಕ್ಕ ತುಣುಕು ತೊದಲಿದ ಹಾಗೆ ಮತ್ತೆ ಮತ್ತೆ ಬರುತ್ತದೆ. ಉದಾಹರಣೆಗೆ 11ನೇ ವರ್ಣತಂತುವಿನ ಒಂದು ಜಾಗದಲ್ಲಿ "ಎಎಟಿಜಿ" ಎಂಬ ತುಣುಕು ಒಬ್ಬರಲ್ಲಿ 6 ಸಲ, ಇನ್ನೊಬ್ಬರಲ್ಲಿ 9 ಸಲ ಬರುತ್ತದೆ. ಪ್ರತಿ ಜಾಗದಲ್ಲೂ ನಮಗೆ ಎರಡು ಸಂಖ್ಯೆ ಇರುತ್ತವೆ. ಒಂದು ಅಮ್ಮನಿಂದ ಬಂದದ್ದು, ಇನ್ನೊಂದು ಅಪ್ಪನಿಂದ. ಪ್ರಯೋಗಾಲಯದವರು ಎಣಿಸುವುದು ಈ ಸಂಖ್ಯೆಗಳನ್ನು. ಅಮೆರಿಕದ ಎಫ್‌ಬಿಐ 1998ರಲ್ಲಿ ಇಂಥ 13 ಜಾಗಗಳನ್ನು ಇಟ್ಟುಕೊಂಡು ತನ್ನ ರಾಷ್ಟ್ರೀಯ ಸಂಗ್ರಹ ಶುರು ಮಾಡಿತು, 2017ರಿಂದ 20 ಜಾಗಗಳನ್ನು ನೋಡುತ್ತಿದೆ.

ಈಗ ಅಮ್ಮ ಮಗಳ ಹೋಲಿಕೆಗೆ ಬನ್ನಿ. ಪ್ರತಿ ಜಾಗದಲ್ಲೂ ಮಗಳ ಎರಡು ಸಂಖ್ಯೆಗಳಲ್ಲಿ ಒಂದಾದರೂ ಅಮ್ಮನ ಹತ್ತಿರ ಇರಲೇಬೇಕು. ಎಲ್ಲ ಕಡೆ ಹೊಂದಿದರೆ "ಇವಳು ಅವಳ ಮಗಳೇ ಇರಬೇಕು" ಎಂದು ಹೇಳಬಹುದು. ಅದು ಸಂಭವನೀಯತೆಯ ಮಾತು, ಲಕ್ಷಕ್ಕೆ ಇಷ್ಟು, ಕೋಟಿಗೆ ಇಷ್ಟು ಎಂಬ ಲೆಕ್ಕದ ಮಾತು. ಒಂದು ಕಡೆ ಹೊಂದದಿದ್ದರೆ ಪ್ರಕೃತಿಯೇ ಒಮ್ಮೊಮ್ಮೆ ಮಾಡುವ ಬದಲಾವಣೆ ಇರಬಹುದೆಂದು ಬಿಡುತ್ತಾರೆ. ಆದರೆ ಹಲವು ಕಡೆ ಹೊಂದಲಿಲ್ಲ ಅನ್ನಿ, ಅಲ್ಲಿಗೆ ಮಾತು ಮುಗಿಯಿತು. ಮಾದರಿ ಸರಿಯಾಗಿದ್ದರೆ ಅವಳು ಆ ತಾಯಿಯ ಮಗಳಲ್ಲ.

ನಮ್ಮ ಕೆಲಸದಲ್ಲಿ ಚೆಕ್‌ಸಮ್ ಅನ್ನುತ್ತೇವಲ್ಲ, ಹಾಗೆಯೇ ಇದು. ಡೌನ್‌ಲೋಡ್ ಮಾಡಿದ ಫೈಲಿನ ಚೆಕ್‌ಸಮ್ ಹೊಂದಲಿಲ್ಲವೆಂದರೆ ಅದು ಬೇರೆ ಫೈಲು. "ಇರಲಿ, ಇನ್‌ಸ್ಟಾಲ್ ಮಾಡಿ ನೋಡೋಣ" ಎಂದು ಯಾವ ಇಂಜಿನಿಯರೂ ಹೇಳುವುದಿಲ್ಲ. ಬೆಟ್ಟದಪುರದ ಕೇಸಿನಲ್ಲಿ ಆದದ್ದು ಅದೇ. ಚೆಕ್‌ಸಮ್ ಹೊಂದಲಿಲ್ಲ, ಇನ್‌ಸ್ಟಾಲ್ ಮುಂದುವರಿಯಿತು.

ಮೊದಲ ಕೆಲಸವೇ ಬಿಡಿಸಿದ್ದು

ಡಿಎನ್‌ಎ ಅಂದರೆ ಕಳ್ಳನನ್ನು ಹಿಡಿಯುವ ಸಾಧನ ಎಂದೇ ಸಿನಿಮಾ ನೋಡಿ ನಾವು ತಿಳಿದಿದ್ದೇವೆ. ಚರಿತ್ರೆ ಬೇರೆಯೇ ಹೇಳುತ್ತದೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ 1984ರಲ್ಲಿ ಡಿಎನ್‌ಎ ಬೆರಳಚ್ಚಿನ ವಿಧಾನ ಕಂಡುಹಿಡಿದರು. ಎರಡು ವರ್ಷದಲ್ಲಿ ಅಲ್ಲಿನ ಪೊಲೀಸರು ಅವರ ಬಳಿ ಬಂದರು. ಇಬ್ಬರು ಹುಡುಗಿಯರ ಕೊಲೆ ಆಗಿತ್ತು, 17 ವರ್ಷದ ಒಬ್ಬ ಹುಡುಗ ಒಂದು ಕೊಲೆಯನ್ನು ಒಪ್ಪಿಕೊಂಡಿದ್ದ. ಇನ್ನೊಂದನ್ನೂ ಅವನೇ ಮಾಡಿದ್ದಾನೆಂದು ಖಚಿತಪಡಿಸಿಕೊಡಿ ಎಂಬುದು ಪೊಲೀಸರ ಕೋರಿಕೆ. ಪರೀಕ್ಷೆ ಮಾಡಿದರೆ ಎರಡನ್ನೂ ಮಾಡಿದವನು ಒಬ್ಬನೇ, ಆದರೆ ಅವನು ಆ ಹುಡುಗನಲ್ಲ! ಒಪ್ಪಿಕೊಂಡಿದ್ದ ಹುಡುಗ ಬಿಡುಗಡೆಯಾದ. ನಿಜವಾದ ಅಪರಾಧಿ ಸಿಕ್ಕಿದ್ದು 1987ರಲ್ಲಿ. ಅಂದರೆ ಕೊಲೆ ತನಿಖೆಗೆ ಇಳಿದ ಡಿಎನ್‌ಎ ಮಾಡಿದ ಮೊದಲ ಕೆಲಸ ನಿರಪರಾಧಿಯನ್ನು ಬಿಡಿಸಿದ್ದು.

1992ರಲ್ಲಿ ನ್ಯೂಯಾರ್ಕಿನ ಕಾರ್ಡೋಜೊ ಕಾನೂನು ಕಾಲೇಜಿನಲ್ಲಿ ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ ಎಂಬ ವಕೀಲರು ಇನೊಸೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕಟ್ಟಿದರು. ಕೆಲಸ ಇಷ್ಟೇ: ಶಿಕ್ಷೆ ಅನುಭವಿಸುತ್ತಿರುವವರ ಹಳೆಯ ಕೇಸಿನ ಬಟ್ಟೆ, ರಕ್ತದ ಕಲೆ ಉಗ್ರಾಣದಲ್ಲಿ ಉಳಿದಿದೆಯೇ ಎಂದು ಹುಡುಕಿ ಪರೀಕ್ಷೆ ಮಾಡಿಸುವುದು. 1989ರಿಂದ 2020ರವರೆಗೆ ಅಮೆರಿಕದಲ್ಲಿ 375 ಮಂದಿ ಡಿಎನ್‌ಎಯಿಂದಾಗಿ ನಿರ್ದೋಷಿಗಳೆಂದು ಹೊರಬಂದರು. ಅವರಲ್ಲಿ 21 ಮಂದಿ ಮರಣದಂಡನೆಯ ಸಾಲಿನಲ್ಲಿ ಕಾಲ ಕಳೆದವರು. ಕರ್ಕ್ ಬ್ಲಡ್ಸ್‌ವರ್ತ್ ಎಂಬ ಮೇರಿಲ್ಯಾಂಡಿನ ಮಾಜಿ ನೌಕಾ ಸೈನಿಕನ ವಿರುದ್ಧ ಐವರು "ನಾವು ಕಣ್ಣಾರೆ ಕಂಡಿದ್ದೇವೆ" ಎಂದು ಸಾಕ್ಷಿ ಹೇಳಿದ್ದರು, 1985ರಲ್ಲಿ ಮರಣದಂಡನೆ ಆಗಿತ್ತು. 1993ರಲ್ಲಿ ಡಿಎನ್‌ಎ ಅವನನ್ನು ಬಿಡಿಸಿತು. 2003ರಲ್ಲಿ ನಿಜವಾದ ಅಪರಾಧಿ ಪತ್ತೆಯಾದಾಗ ಗೊತ್ತಾದದ್ದು, ಅವನೂ ಅದೇ ಜೈಲಿನಲ್ಲಿ ಬೇರೆ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿದ್ದನೆಂದು!

ಆ 375ರಲ್ಲಿ ಮೂರನೇ ಎರಡಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕಣ್ಣಾರೆ ಕಂಡವರ ಗುರುತು ತಪ್ಪಾಗಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ದುಬೈ ಕನ್ನಡಿಗರಿಗೆ ಇದು ಹೊಸದಲ್ಲ

ಮೂಳೆಗೂ ಮನೆಯವರ ರಕ್ತಕ್ಕೂ ಹೋಲಿಕೆ ಮಾಡುವ ಈ ಕೆಲಸವನ್ನು ನಾವು ಹತ್ತಿರದಿಂದ ನೋಡಿದವರು. 2010ರ ಮೇ 22ರಂದು ದುಬೈನಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ಹೋದರು, ಉಳಿದವರು 8 ಜನ. ಬೆಂಕಿಯಲ್ಲಿ ದೇಹಗಳು ಗುರುತು ಸಿಗದಂತಾಗಿದ್ದವು. ಹೆಚ್ಚಿನವನ್ನು ಬಟ್ಟೆ, ಒಡವೆ, ಮೈಕಟ್ಟು ನೋಡಿ ಮನೆಯವರು ಗುರುತಿಸಿ ಕೊಂಡೊಯ್ದರು. ಉಳಿದ 22 ದೇಹಗಳ ಗುರುತಿಗೆ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರದ ನೆರವು ಪಡೆದರು. 10 ಹೊಂದಿದವು. 12 ಯಾರ ರಕ್ತಕ್ಕೂ ಹೊಂದಲಿಲ್ಲ. ಆ ಹನ್ನೆರಡನ್ನು ಕೂಳೂರಿನ ಬಳಿ ಒಟ್ಟಿಗೆ ಮಣ್ಣು ಮಾಡಿದರು.

ಹನ್ನೆರಡು ಮನೆಯವರು ರಕ್ತ ಕೊಟ್ಟು ಕಾಯುತ್ತಿದ್ದರೂ ಹೊಂದದೇ ಹೋದದ್ದು ಹೇಗೆ? ಮೊದಲ ದಿನಗಳ ಗಡಿಬಿಡಿಯಲ್ಲಿ ಕೆಲವು ದೇಹಗಳು ಗುರುತು ತಪ್ಪಿ ಬೇರೆ ಮನೆಗಳಿಗೆ ಹೋಗಿರಬೇಕು ಎಂಬುದು ಆಗ ಕೇಳಿಬಂದ ವಿವರಣೆ. ಅದಕ್ಕೆ ದುಃಖದಲ್ಲಿದ್ದವರನ್ನು ದೂರುವ ಹಾಗಿಲ್ಲ. ಆ ಹೊತ್ತಿನಲ್ಲಿ ಯಾರಿಗೆ ಕಾಯುವ ತಾಳ್ಮೆ ಇರುತ್ತದೆ? ಆದರೆ ಪಾಠ ಒಂದೇ. ಪರೀಕ್ಷೆ ಸರಿಯಾಗಿಯೇ ಉತ್ತರ ಕೊಟ್ಟಿತು, ನಿರ್ಧಾರ ಮಾತ್ರ ಉತ್ತರಕ್ಕಿಂತ ಮೊದಲೇ ಆಗಿಹೋಗಿತ್ತು. ಮಂಗಳೂರಿನಲ್ಲಿ ಅದರಿಂದ ಹನ್ನೆರಡು ಮನೆಗಳಿಗೆ ಕೊನೆಯ ಸಲ ಮಣ್ಣು ಹಾಕುವ ಸಮಾಧಾನವೂ ಇಲ್ಲವಾಯಿತು. ಕೊಡಗಿನಲ್ಲಿ ಒಬ್ಬನ ಬದುಕಿನ ಒಂದೂವರೆ ವರ್ಷ ಹೋಯಿತು.

ಮತ್ತೆ ಯಾಕೆ ಕಾಯಲಿಲ್ಲ?

ಪುತ್ತೂರಿನ ಅಣ್ಣನ ಪ್ರಶ್ನೆಗೆ ಬರೋಣ. ಈ ಒಂದು ಕೇಸು ಬಿಡಿ, ನಮ್ಮ ವ್ಯವಸ್ಥೆಯಲ್ಲೇ ಇದಕ್ಕೆ ಕಾರಣಗಳಿವೆ.

ಮೊದಲನೆಯದು ಕ್ಯಾಲೆಂಡರ್. ಕೊಲೆಯಂಥ ಕೇಸಿನಲ್ಲಿ ಬಂಧಿಸಿದ 90 ದಿನದೊಳಗೆ ಆರೋಪಪಟ್ಟಿ ಸಲ್ಲಿಸದಿದ್ದರೆ ಆರೋಪಿ ಜಾಮೀನು ಕೇಳಿ ಪಡೆಯಬಹುದು. ಪ್ರಯೋಗಾಲಯದ ವರದಿ ಬರುವುದು ಎಷ್ಟೋ ಸಲ ಅದಕ್ಕಿಂತ ತಡವಾಗಿ. ಹಾಗಾಗಿ ವರದಿ ಆಮೇಲೆ ಸಲ್ಲಿಸುತ್ತೇವೆ ಎಂದು ಬರೆದು ಆರೋಪಪಟ್ಟಿ ಮೊದಲು ಹೋಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟೆಸ್ಟಿಂಗ್ ಮುಗಿಯುವ ಮೊದಲೇ ರಿಲೀಸ್. ಸಾಫ್ಟ್‌ವೇರಿನಲ್ಲಾದರೆ ನಾಳೆ ಪ್ಯಾಚ್ ಹಾಕಬಹುದು, ಜೈಲಿನಲ್ಲಿ ಕಳೆದ ದಿನಗಳಿಗೆ ಪ್ಯಾಚ್ ಎಲ್ಲಿದೆ?

ಎರಡನೆಯದು ಕಾನೂನಿನ ಕಣ್ಣು. ಡಿಎನ್‌ಎ ವರದಿ ಕಾನೂನಿನಲ್ಲಿ ಒಬ್ಬ ತಜ್ಞನ ಅಭಿಪ್ರಾಯ. ಅದನ್ನು ಉಳಿದ ಸಾಕ್ಷಿಗಳ ಜೊತೆ ತೂಗಿ ನೋಡಬೇಕು ಎಂಬುದು ನಿಯಮ. ಹೊಂದಿದೆ ಎಂಬ ವರದಿಯ ಮಟ್ಟಿಗೆ ಇದು ಸರಿಯಾದ ಎಚ್ಚರಿಕೆ. ಆದರೆ ಕೇಸು ನಿಂತಿರುವುದೇ "ಈ ಮೂಳೆ ಅವಳದು" ಎಂಬ ಒಂದು ಮಾತಿನ ಮೇಲೆ ಇರುವಾಗ, ಅವಳದಲ್ಲ ಎಂಬ ವರದಿಯನ್ನು ಹತ್ತರಲ್ಲಿ ಒಂದು ಎಂದು ಎಣಿಸಿದರೆ ತಪ್ಪುತ್ತದೆ. ಅಡಿಪಾಯ ಕುಸಿದ ಮೇಲೆ ಗೋಡೆಗಳನ್ನು ಒಂದೊಂದಾಗಿ ಪರೀಕ್ಷಿಸಿ ಏನು ಪ್ರಯೋಜನ?

ಮೂರನೆಯದು ಬಡತನ. ನಮ್ಮ ದೇಶದ ಜೈಲುಗಳಲ್ಲಿ 2022ರ ಕೊನೆಯಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳಾಗಿದ್ದರು. ಅಪರಾಧ ಸಾಬೀತಾಗುವ ಮೊದಲೇ ಒಳಗಿದ್ದವರು. ಅಮೆರಿಕದ 375 ಮಂದಿಗೆ ತಪ್ಪು ತೀರ್ಪಿನಿಂದ ಶಿಕ್ಷೆಯಾಗಿತ್ತು. ಕೊಡಗಿನವನಿಗೆ ತೀರ್ಪೇ ಇಲ್ಲದೆ ಶಿಕ್ಷೆಯಾಯಿತು. ಇಂಥ ಬಂಧನ ನಮ್ಮ ಯಾವ ತಪ್ಪು ತೀರ್ಪಿನ ಲೆಕ್ಕಕ್ಕೂ ಬರುವುದಿಲ್ಲ.

2025ರ ಏಪ್ರಿಲ್ 23ರಂದು ಮೈಸೂರಿನ ನ್ಯಾಯಾಲಯ ಅವನನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿತು. 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ತನಿಖಾಧಿಕಾರಿಯ ಮೇಲೆ ಕ್ರಮ ಆಗಬೇಕೆಂದೂ ಹೇಳಿತು. ಆತ 5 ಕೋಟಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋದ. ಒಂದು ಲಕ್ಷವೋ ಐದು ಕೋಟಿಯೋ, ಲೆಕ್ಕ ಹಾಕಲು ನಮ್ಮಲ್ಲಿ ಅಳತೆಗೋಲೇ ಇಲ್ಲ. ತಪ್ಪಾಗಿ ಆರೋಪ ಹೊತ್ತವರಿಗೆ ಪರಿಹಾರ ಕೊಡಲು ಕಾನೂನು ಬೇಕೆಂದು ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ 2018ರಲ್ಲೇ ಹೇಳಿತ್ತು.

ಡಿಎನ್‌ಎ ದೇವರೇನಲ್ಲ

ಇಷ್ಟೆಲ್ಲ ಓದಿ ಡಿಎನ್‌ಎ ಹೇಳಿದ್ದೆಲ್ಲ ವೇದವಾಕ್ಯ ಎಂದುಕೊಳ್ಳಬೇಡಿ. ಜರ್ಮನಿಯ ಹೈಲ್‌ಬ್ರಾನ್ ಊರಿನಲ್ಲಿ 2007ರಲ್ಲಿ ಒಬ್ಬ ಮಹಿಳಾ ಪೊಲೀಸ್ ಕೊಲೆಯಾದಳು. ಅಲ್ಲಿ ಸಿಕ್ಕ ಡಿಎನ್‌ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸಿನ ಹತ್ತಾರು ಅಪರಾಧಗಳ ಡಿಎನ್‌ಎಗೆ ಹೊಂದುತ್ತಿತ್ತು. ಮಾಯಾವಿಯಂಥ ಒಬ್ಬ ಹೆಂಗಸಿಗಾಗಿ ಮೂರು ದೇಶದ ಪೊಲೀಸರು ಹುಡುಕಿದರು. 2009ರಲ್ಲಿ ಬಯಲಾದದ್ದು ಏನು? ಆ ಡಿಎನ್‌ಎ ಮಾದರಿ ಒರೆಸಲು ಬಳಸುವ ಹತ್ತಿಯ ಕಡ್ಡಿ ತಯಾರಿಸುವ ಕೆಲಸದಲ್ಲಿದ್ದ ಹೆಂಗಸಿನದು! ಅಪರಾಧಿ ಅಲ್ಲ, ಪರೀಕ್ಷೆಯ ಸಾಮಗ್ರಿಯೇ ಕೆಟ್ಟಿತ್ತು.

ನಮ್ಮ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. ತಮಿಳುನಾಡಿನ ಥೇಣಿ ಜಿಲ್ಲೆಯ 2011ರ ಜೋಡಿ ಕೊಲೆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದವನನ್ನು ಅದು 2025ರ ಜುಲೈನಲ್ಲಿ ಬಿಡುಗಡೆ ಮಾಡಿತು. ಅಲ್ಲಿ ಡಿಎನ್‌ಎ ಮಾದರಿಗಳನ್ನು ಇಟ್ಟ, ಸಾಗಿಸಿದ ರೀತಿಯೇ ನಂಬುವಂತಿರಲಿಲ್ಲ. ಮಾದರಿಗಳು 48 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು, ಅವು ಯಾರ ಕೈಯಿಂದ ಯಾರ ಕೈಗೆ ಹೋದವು ಎಂಬುದನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂದು ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳನ್ನು ಆ ತೀರ್ಪು ಕೊಟ್ಟಿತು. ಹೀಗೆ ಬರೆದಿಟ್ಟ ರಿಜಿಸ್ಟರ್ ಹಿಡಿಯುವುದಕ್ಕೂ ಬೇಕು, ಬಿಡಿಸುವುದಕ್ಕೂ ಬೇಕು.

ನಮ್ಮ ಮನೆಗಳಿಗೆ ನಾಲ್ಕು ಮಾತು

ಮುಹೈಸ್ನಾದಲ್ಲಿ ಇರುವವರಿಗೆ ಇಂಥ ವಿಷಯ ದೂರದ್ದಲ್ಲ. ಇಲ್ಲಿನ ಮುಹೈಸ್ನಾ 2ರಲ್ಲಿ, ನಾವು ಸೋನಾಪುರ ಅನ್ನುವ ಕಡೆ, ಊರು ಬಿಟ್ಟು ದುಡಿಯಲು ಬಂದ ಸಾವಿರಾರು ಜನ ಇದ್ದಾರೆ. ದುಬೈನಲ್ಲಿ ತೀರಿಕೊಂಡ ಎಷ್ಟೋ ಮಂದಿಯ ಪಾರ್ಥಿವ ಶರೀರ ಊರಿನ ವಿಮಾನ ಏರುವ ಮೊದಲು ಹಾದುಹೋದದ್ದೂ ಇಲ್ಲಿನ ಕೇಂದ್ರದಿಂದಲೇ. ಊರಿನಲ್ಲಾಗಲಿ ಇಲ್ಲಾಗಲಿ, ಯಾರಿಗಾದರೂ ಕಷ್ಟ ಬಂದಾಗ ನೆನಪಿಗೆ ಬರಲಿ ಎಂದು ಬರೆಯುತ್ತಿದ್ದೇನೆ.

1. ಗುರುತಿನ ಪರೀಕ್ಷೆಗೆ ತಂದೆ ತಾಯಿ ಅಥವಾ ಮಕ್ಕಳ ರಕ್ತ ಎಲ್ಲಕ್ಕಿಂತ ಒಳ್ಳೆಯದು. ಅಣ್ಣ ತಮ್ಮಂದಿರದು ಅದರ ನಂತರ. ಗಂಡ ಹೆಂಡತಿ ಎಷ್ಟೇ ಅನ್ಯೋನ್ಯವಾಗಿದ್ದರೂ ಒಬ್ಬರ ರಕ್ತ ಇನ್ನೊಬ್ಬರ ಗುರುತು ಹೇಳುವುದಿಲ್ಲ! ಹಳೆಯ ಮೂಳೆಯಾದರೆ ತಾಯಿಯ ಕಡೆಯಿಂದಲೇ ಬರುವ ಇನ್ನೊಂದು ಬಗೆಯ ಡಿಎನ್‌ಎ ನೋಡುತ್ತಾರೆ. ಅದಕ್ಕೆ ತಾಯಿಯ ತಾಯಿ, ಸೋದರಮಾವ, ತಾಯಿಯ ಒಡಹುಟ್ಟಿದ ಚಿಕ್ಕಮ್ಮ ಯಾರಾದರೂ ಆಗುತ್ತದೆ.

2. ಕಾಣೆಯಾದವರ ಟೂತ್‌ಬ್ರಷ್, ಬಾಚಣಿಗೆ ಎಸೆಯಬೇಡಿ. ಬೇರೆ ಯಾರೂ ಮುಟ್ಟದಂತೆ ಕಾಗದದ ಕವರಿನಲ್ಲಿ ಒಣಗಿಸಿ ಇಡಿ.

3. ನಿಮ್ಮವರ ಮೇಲೆ ಕೇಸು ಆಗಿದ್ದರೆ ವಕೀಲರನ್ನು ಮೂರು ಪ್ರಶ್ನೆ ಕೇಳಿ. ಮಾದರಿ ಕಳಿಸಿದ್ದು ಯಾವ ದಿನ? ವರದಿ ಬಂತೇ? ನಮಗೆ ಅದರ ಪ್ರತಿ ಸಿಕ್ಕಿತೇ?

4. ವಕೀಲರಿಗೆ ಹಣವಿಲ್ಲ ಎಂದು ಊರಿನವರು ಕೈಚೆಲ್ಲಿದರೆ ಕಾನೂನು ಸೇವೆಗಳ ಪ್ರಾಧಿಕಾರ ಇದೆ ಎಂದು ಹೇಳಿ. 1987ರ ಕಾಯಿದೆಯ ಪ್ರಕಾರ ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ವಕೀಲರು ಸಿಗಬೇಕು. ಪ್ರತಿ ಜಿಲ್ಲೆಯಲ್ಲೂ ಅದರ ಕಚೇರಿ ಇದೆ.

ಇನ್ನೊಂದು ಪ್ರಶ್ನೆ ಉಳಿದಿದೆ, ನನ್ನನ್ನು ಹೆಚ್ಚು ಕಾಡಿದ್ದು ಅದೇ. ಆ ಮೂಳೆ ಯಾರದು?

ಹೆಂಡತಿ ಬದುಕಿದ್ದಾಳೆ, ಗಂಡ ಹೊರಗೆ ಬಂದ, ಪತ್ರಿಕೆಗಳಿಗೆ ಕಥೆ ಮುಗಿಯಿತು. ಆದರೆ ಬೆಟ್ಟದಪುರದ ಸರಹದ್ದಿನಲ್ಲಿ ಸಿಕ್ಕ ಅಸ್ಥಿಪಂಜರ ಒಬ್ಬ ಹೆಣ್ಣಿನದೇ ಅಲ್ಲವೇ? ತೀರ್ಪು ಬಂದ ದಿನಕ್ಕೂ ಆಕೆಗೆ ಹೆಸರು ಸಿಕ್ಕಿರಲಿಲ್ಲ. ಕೇಸು ಬಗೆಹರಿಯಿತು ಎಂದು ಬರೆದ ದಿನವೇ ಆಕೆಯ ಹುಡುಕಾಟ ನಿಂತುಹೋಗಿತ್ತು. ವರದಿ ಹೊಂದಲಿಲ್ಲ ಎಂದ ದಿನ ಅದನ್ನು ಒಬ್ಬರಾದರೂ ಪೂರ್ತಿ ಓದಿದ್ದರೆ ಎರಡು ಕೆಲಸ ಆಗುತ್ತಿತ್ತು. ಒಬ್ಬ ನಿರಪರಾಧಿಯ ಕೇಸು ಮುಗಿಯುತ್ತಿತ್ತು, ಹೆಸರಿಲ್ಲದ ಒಬ್ಬಳ ಕೇಸು ಶುರುವಾಗುತ್ತಿತ್ತು.

ಕಾಣೆಯಾದವರ ಮನೆಯವರ ಡಿಎನ್‌ಎ ಒಂದು ಕಡೆ, ಗುರುತಿಲ್ಲದ ಶವಗಳ ಡಿಎನ್‌ಎ ಇನ್ನೊಂದು ಕಡೆ ಇಟ್ಟು ಹೋಲಿಸುವ ವ್ಯವಸ್ಥೆ 2019ರ ಡಿಎನ್‌ಎ ತಂತ್ರಜ್ಞಾನ ಮಸೂದೆಯಲ್ಲಿ ಇತ್ತು. ನಮ್ಮ ಖಾಸಗಿ ಮಾಹಿತಿ ಸರ್ಕಾರದ ಕೈಯಲ್ಲಿ ಎಷ್ಟು ಸುರಕ್ಷಿತ ಎಂಬ ಪ್ರಶ್ನೆಗಳು ಎದ್ದವು, ಅವೂ ನ್ಯಾಯವಾದ ಪ್ರಶ್ನೆಗಳೇ. 2023ರಲ್ಲಿ ಮಸೂದೆಯನ್ನು ಹಿಂದಕ್ಕೆ ಪಡೆದರು. ಅಪರಾಧಿಗಳ ಪಟ್ಟಿಯ ಜಗಳ ಏನೇ ಇರಲಿ, ತಾನಾಗಿ ರಕ್ತ ಕೊಡಲು ಬರುವ ತಾಯಿಗಾಗಿ ಒಂದು ಪಟ್ಟಿ ಮಾಡಲು ಅಡ್ಡಿ ಏನಿದೆ?

ಕಾವೇರಿ ಸೀಮೆಯ ಯಾವುದೋ ಮನೆಯಲ್ಲಿ ಒಬ್ಬ ತಾಯಿ "ನನ್ನ ಮಗಳು ಎಲ್ಲೋ ಇದ್ದಾಳೆ, ಒಂದು ದಿನ ಫೋನ್ ಮಾಡುತ್ತಾಳೆ" ಎಂದು ಕಾಯುತ್ತಿರಬಹುದು. ಆಕೆಯ ರಕ್ತವನ್ನು ಯಾರೂ ಕೇಳಿಲ್ಲ.

ನಿಮ್ಮ ಅನಿಸಿಕೆ ಬರೆಯಿರಿ. ಸಂಘದಲ್ಲಿ ವಕೀಲರು, ವೈದ್ಯರು, ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು ಇದ್ದೀರಿ. ನನಗಿಂತ ಹೆಚ್ಚು ಬಲ್ಲವರು ಮುಂದಿನ ಸಂಚಿಕೆಯಲ್ಲಿ ಈ ಮಾತನ್ನು ಮುಂದುವರಿಸಿದರೆ ಸಂತೋಷ.

ನಿಮ್ಮವನೇ,
ಮುಹೈಸ್ನಾದಿಂದ ಒಬ್ಬ ಕನ್ನಡಿಗ